ಹೊಲದ ಬದುವಿನ ಪಾಪಾಸುಕಳ್ಳಿ ಯಾವ ಪ್ರಭೇದದ್ದು?

ಪ್ರಶ್ನೆ: ಕುಷ್ಟಗಿ ಕಡೆಯ ನಮ್ಮ ಹೊಲದ ಬದುವಿನಲ್ಲಿ ಆಳೆತ್ತರದ ಪಾಪಾಸುಕಳ್ಳಿ ಬೆಳೆದಿದೆ. ಮುಳ್ಳು ಕಂದು ಬಣ್ಣದ್ದು, ಸೂಜಿಯಂತೆ ದುಂಡಗಿದೆ. ಹೂವು ಕೆಂಪು ಗೆರೆಗಳಿರುವ ಕಿತ್ತಳೆ ಬಣ್ಣದ್ದು. ಮೊಬೈಲ್ ಆ್ಯಪ್ ಇದನ್ನು ಅಮೆರಿಕದ ಮರುಭೂಮಿಯ ಒಪನ್ಷಿಯಾ ಫಿಯಾಕ್ಯಾಂಥಾ ಎಂದು ತೋರಿಸುತ್ತದೆ. ಇದು ಸರಿಯೇ? ಬೇಲಿಗೆ ಇನ್ನಷ್ಟು ನೆಡಬಹುದೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನೀವು ಕೊಟ್ಟಿರುವ ವಿವರಗಳ ಪ್ರಕಾರ ಇದು ಬಹುಮಟ್ಟಿಗೆ ಒಪನ್ಷಿಯಾ ಇಲೇಶಿಯರ್. ಆ್ಯಪ್ ಹೆಸರಿಸಿರುವ ಪ್ರಭೇದ ಅಮೆರಿಕದ ನೈರುತ್ಯ ಭಾಗ ಮತ್ತು ಉತ್ತರ ಮೆಕ್ಸಿಕೊದ್ದು. ಅದು ಸಾಮಾನ್ಯವಾಗಿ ನೆಲಕ್ಕೆ ಹತ್ತಿರದಲ್ಲಿಯೇ ಹರಡಿಕೊಳ್ಳುವುದರಿಂದ ಆಳೆತ್ತರದ ನಿಮ್ಮ ಗಿಡಕ್ಕೆ ಹೊಂದುವುದಿಲ್ಲ. ಇಲೇಶಿಯರ್ ಕೂಡ ಹೊರಗಿನದೇ. ಪನಾಮಾ, ಕೊಲಂಬಿಯಾ, ವೆನೆಜುವೆಲಾ ಅದರ ತವರು.

ಎಲೆಯೆಂದು ನಾವು ತಿಳಿಯುವ ಚಪ್ಪಟೆ ಹಲಗೆ ವಾಸ್ತವವಾಗಿ ಕಾಂಡ. ಅದರ ಆಕಾರ ವಯಸ್ಸು ಮತ್ತು ನೀರಿನ ಲಭ್ಯತೆಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಹಲಗೆಯ ಫೋಟೊ ಒಂದನ್ನೇ ನಂಬಿ ಪ್ರಭೇದವನ್ನು ನಿರ್ಧರಿಸುವುದು ಸರಿಯಲ್ಲ. ಅರಳಿದ ಹೂವಿನ ಒಳಗೆ ನೋಡಿ. ಕೇಸರದ ಎಳೆಗಳು ಕೆಂಪು ಅಥವಾ ಗುಲಾಬಿಯಾಗಿದ್ದು, ನಡುವಿನ ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ ತುದಿಯ) ಸೀಳುಗಳು ಹಸಿರಾಗಿದ್ದರೆ ಇಲೇಶಿಯರ್ ಎಂಬುದು ಬಹುತೇಕ ಖಚಿತ. ನಮ್ಮಲ್ಲಿ ಕಾಣಸಿಗುವ ಇನ್ನೊಂದು ಪ್ರಭೇದವಾದ ಒಪನ್ಷಿಯಾ ಡಿಲ್ಲೆನಿಯ ಮುಳ್ಳು ಹಳದಿ, ತುಸು ಚಪ್ಪಟೆ ಮತ್ತು ಬಾಗಿದ್ದು. ಹೂವು ನಿಂಬೆ ಹಳದಿ. ಪರೀಕ್ಷಿಸುವಾಗ ಹಲಗೆಯನ್ನು ಇಕ್ಕಳದಿಂದಲೇ ಹಿಡಿಯಿರಿ. ದೊಡ್ಡ ಮುಳ್ಳುಗಳ ಬುಡದಲ್ಲಿ ಕೂದಲಿಗಿಂತ ಸಣ್ಣ, ಹಿಮ್ಮುಖ ಕೊಕ್ಕೆಯಿರುವ ಮುಳ್ಳುಗಳು ಗುಂಪಾಗಿರುತ್ತವೆ. ತಾಗಿದರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಎಳೆದು ತೆಗೆಯಬೇಕು.

ಹಲಗೆಗಳ ಮೇಲೆ ಅರಳೆಯಂಥ ಬಿಳಿ ಪದರವೂ ಇದ್ದರೆ ಕಡ್ಡಿಯಿಂದ ಒತ್ತಿ ನೋಡಿ. ಕಡುಗೆಂಪು ರಸ ಬಂದರೆ ಅದು ಕಾಕಿನೀಲ್ ಜಾತಿಯ ಕೀಟ. ದಕ್ಷಿಣ ಭಾರತದ ಸಾಗುವಳಿ ಭೂಮಿಯನ್ನು ಆವರಿಸಿದ್ದ ಪಾಪಾಸುಕಳ್ಳಿಯನ್ನು ಹತೋಟಿಗೆ ತರಲು ಇದರ ಒಂದು ಪ್ರಭೇದವನ್ನು 1926ರಲ್ಲಿ ಶ್ರೀಲಂಕಾದಿಂದ ತರಿಸಲಾಯಿತು. ಡಿಲ್ಲೆನಿ, ಇಲೇಶಿಯರ್ ಎರಡನ್ನೂ ಅದು ಬಹಳಮಟ್ಟಿಗೆ ತಗ್ಗಿಸಿತು.

ಈ ಇತಿಹಾಸ ಇರುವುದರಿಂದಲೇ ಹೊಸದಾಗಿ ನೆಡಬೇಡಿ ಎಂದು ಒತ್ತಿ ಹೇಳುತ್ತೇನೆ. ಮುರಿದು ಬಿದ್ದ ಒಂದೇ ಹಲಗೆ ಬೇರು ಬಿಟ್ಟು ಗಿಡವಾಗುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಪಕ್ಕದ ಹೊಲಕ್ಕೂ ಒಯ್ಯುತ್ತವೆ. ಮೇವಿನ ಉದ್ದೇಶವೂ ಇದ್ದರೆ ಒಪನ್ಷಿಯಾ ಫೈಕಸ್-ಇಂಡಿಕಾದ ಮುಳ್ಳಿಲ್ಲದ ತಳಿಯನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮನೆಯ ಸಮೀಪದ ಸಣ್ಣ ತಾಕಿನಲ್ಲಿ ಮಾತ್ರ ಬೆಳೆಸಿ.