ಟಿಕೆಟ್ ಆಮೇಲೆ, ಮೊದಲು ನಂಬರ್ ಹುಡುಕಿ

ಪ್ರಶ್ನೆ: ಮೇಡಂ, ನಮ್ಮ ತಾತನ ಅಣ್ಣ ಮುನಿವೆಂಕಟಪ್ಪನವರು 1904ರ ಸುಮಾರಿಗೆ ಊರು ಬಿಟ್ಟು ಮದ್ರಾಸಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ನೆಟಾಲ್‌ಗೆ ಹೋದರಂತೆ. ‘ಮ್ಯಾಗಜೀನ್ ಬ್ಯಾರಕ್ಸ್, ಡರ್ಬನ್’ ಎಂಬ ವಿಳಾಸದ ಒಂದೇ ಒಂದು ಕಾಗದ ನಮ್ಮ ಟ್ರಂಕಿನಲ್ಲಿದೆ. ಆಮೇಲೆ ಸುದ್ದಿಯಿಲ್ಲ. ಅವರಿಗೆ ಇಲ್ಲಿ ಮದುವೆಯಾಗಿತ್ತು. ಆ ದೊಡ್ಡಜ್ಜಿ ಸಾಯುವವರೆಗೂ ಕುಂಕುಮ ಅಳಿಸಲಿಲ್ಲ. ನಾನೀಗ ನಿವೃತ್ತ. ಡಿಸೆಂಬರ್‌ನಲ್ಲಿ ಡರ್ಬನ್‌ಗೆ ಹೋಗಿ ಅವರ ವಂಶದವರು ಇದ್ದರೆ ನೋಡಬೇಕೆಂಬ ಆಸೆ. ಏನು ತಯಾರಿ ಬೇಕು? ದೊಡ್ಡಜ್ಜಿಯ ವಿಷಯ ಅಲ್ಲಿಯವರಿಗೆ ಹೇಳಬಹುದಾ?
— ಎಂ. ಆರ್., ಮಾಲೂರು

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಸಂತೋಷವಾಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ನನ್ನ ನೌಕರಿ ಕಳೆದದ್ದು. ಹೀಗೆ ಬಿಟ್ಟುಹೋದ ಹೆಸರು ಹುಡುಕಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಕ್ಕರೆ.

ಆದರೆ ಟಿಕೆಟ್ ಈಗಲೇ ತೆಗೆಯಬೇಡಿ. ನಿಮ್ಮ ಕೆಲಸದ ಅರ್ಧ ಭಾಗ ಮಾಲೂರಿನಲ್ಲೇ ಮುಗಿಯಬೇಕು.

ಕೂಲಿ ಕರಾರಿನ ಮೇಲೆ ನೆಟಾಲ್‌ಗೆ ಹೋದ ಪ್ರತಿಯೊಬ್ಬರಿಗೂ ಅಲ್ಲಿನ ಸರ್ಕಾರ ಒಂದು ನಂಬರ್ ಕೊಡುತ್ತಿತ್ತು. ಮೊದಲ ಹಡಗು ‘ಟ್ರೂರೋ’ ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1911ರಲ್ಲಿ ಈ ವ್ಯವಸ್ಥೆ ನಿಲ್ಲುವ ಹೊತ್ತಿಗೆ ಹೋದವರ ಸಂಖ್ಯೆ 1,52,184. ಇವರಲ್ಲಿ ಹೆಚ್ಚಿನವರು ಹಡಗು ಹತ್ತಿದ್ದು ಮದ್ರಾಸಿನಲ್ಲೇ. ನಮ್ಮ ಮೈಸೂರು ಸೀಮೆಯವರೂ ಅವರೊಳಗಿದ್ದರು. ಹಡಗಿನ ಪಟ್ಟಿಯಲ್ಲಿ ನಂಬರ್ ಪಕ್ಕದಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಗುರುತು ಎಲ್ಲ ಬರೆದಿದ್ದಾರೆ. ಒಬ್ಬ ಬಡ ಕೂಲಿಯ ಬಗ್ಗೆ ಇಷ್ಟು ವಿವರ ನಮ್ಮೂರಿನ ಯಾವ ದಫ್ತರದಲ್ಲೂ ಸಿಗುವುದಿಲ್ಲ. ಈ ನಂಬರ್ ಸಿಕ್ಕರೆ ಉಳಿದ ಕಡತಗಳನ್ನು ಕೇಳಿ ತೆಗೆಸುವುದು ಸುಲಭ. ಸಿಗದೆ ಹೋದರೆ ಡರ್ಬನ್‌ನಲ್ಲಿ ನೀವು ಸುಮ್ನೆ ಊರು ಸುತ್ತಿ ಬರಬೇಕಾಗುತ್ತದೆ.

ಆ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ. ಕ್ವಾಜುಲು ನೆಟಾಲ್ ವಿಶ್ವವಿದ್ಯಾಲಯದ ಗಾಂಧಿ–ಲುಥುಲಿ ದಾಖಲೆ ಕೇಂದ್ರಕ್ಕೆ ಇಮೇಲ್ ಬರೆದು ವಿಚಾರಿಸಿ. ಹುಡುಕುವಾಗ ‘ಮುನಿವೆಂಕಟಪ್ಪ’ ಅಂತಲೇ ಹಟ ಹಿಡಿಯಬೇಡಿ. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಬರೀ ಮುನಿ, ಮುನಿಯನ್, ವೆಂಕಟಪನ್, ವೆಂಗಟಾಪ, ಹೀಗೆ ಯಾವುದೂ ಆಗಿರಬಹುದು. ಕೋಲಾರವನ್ನು ಆಗ ಇಂಗ್ಲಿಷಿನಲ್ಲಿ ‘ಸಿ’ಯಿಂದ ಶುರುಮಾಡಿ ಬರೆಯುವುದಿತ್ತು, ಹಾಗೂ ನೋಡಿ. ಅದಕ್ಕೇ ಅವರ ತಂದೆಯ ಹೆಸರು ನಿಮಗೆ ಖಚಿತವಾಗಿ ಗೊತ್ತಿರಬೇಕು. ಮಗನ ಹೆಸರು ತಪ್ಪಿದರೂ ತಂದೆಯ ಹೆಸರು, ಊರು, ವಯಸ್ಸು ಮೂರೂ ಹೊಂದಿದರೆ ಅವರೇ ಇರಬೇಕು. ಮನೆಯ ಹಿರಿಯರನ್ನು ಕೂರಿಸಿಕೊಂಡು ವಂಶಾವಳಿ ಬರೆಯಿರಿ. ಊರಿನ ಹಳೆ ಹೆಸರು, ಮನೆದೇವರು, ಅವರ ಮೈಮೇಲೆ ಹಚ್ಚೆಯೋ ಗಾಯದ ಕಲೆಯೋ ಇತ್ತಾ ಎಂಬುದು, ಎಲ್ಲವನ್ನೂ ಕೇಳಿ.

ಇನ್ನು ನಿಮ್ಮ ಟ್ರಂಕಿನ ಕಾಗದ. ಅದರ ಬೆಲೆ ನಿಮಗೆ ಪೂರ್ತಿ ಗೊತ್ತಿಲ್ಲ ಅನಿಸುತ್ತದೆ. ಮ್ಯಾಗಜೀನ್ ಬ್ಯಾರಕ್ಸ್ ಅನ್ನುವುದು ಡರ್ಬನ್ ನಗರಸಭೆಯ ಭಾರತೀಯ ಕೆಲಸಗಾರರು ವಾಸವಿದ್ದ ವಠಾರ. ಅಂದರೆ ಕಾಗದ ಬರೆದ ಹೊತ್ತಿಗೆ ನಿಮ್ಮ ದೊಡ್ಡತಾತ ಕಬ್ಬಿನ ತೋಟದಲ್ಲಲ್ಲ, ನಗರಸಭೆಯ ಕೆಲಸದಲ್ಲಿ ಇದ್ದಿರಬೇಕು. ಲಕೋಟೆ ಇದ್ದರೆ ಅಂಚೆ ಮುದ್ರೆಯ ತಾರೀಖು ನೋಡಿ. ಕರಾರು 5 ವರ್ಷದ್ದು. ಅದು ಮುಗಿದ ಮೇಲೆ ಬರೆದದ್ದಾದರೆ ಅವರು ಅಲ್ಲೇ ನಿಲ್ಲುವ ಮನಸ್ಸು ಮಾಡಿದ್ದರು ಎಂದಾಯಿತು. ಹಾಗೆ ನಿಲ್ಲುವುದು ಸಲೀಸಾಗಿರಲಿಲ್ಲ. 1895ರ ಕಾನೂನಿನ ಪ್ರಕಾರ, ಆಮೇಲೆ ಬಂದವರು ಕರಾರು ಮುಗಿದೂ ಉಳಿದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕಿತ್ತು. ಗಾಂಧೀಜಿಯವರ ಹೋರಾಟದಿಂದ 1914ರಲ್ಲಿ ಅದು ರದ್ದಾಯಿತು. ಕಾಗದಗಳು ನಿಂತದ್ದಕ್ಕೆ ಬರೀ ಮರೆವೇ ಕಾರಣ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಲೇಬೇಡಿ. ಫೋಟೋ ತೆಗೆಸಿ, ಪ್ರತಿ ತಗೊಂಡು ಹೋಗಿ. ಮೂಲ ಮನೆಯಲ್ಲೇ ಇರಲಿ.

ಆ ವಿಳಾಸ ಹುಡುಕಿಕೊಂಡು ಹೋಗಬೇಡಿ, ಆ ವಠಾರ ಈಗಿಲ್ಲ. ಬಣ್ಣದ ಮೇಲೆ ಜನರನ್ನು ಬೇರೆ ಮಾಡಿದ 1950ರ ಗ್ರೂಪ್ ಏರಿಯಾಸ್ ಕಾಯ್ದೆ ಬಂದ ಮೇಲೆ ಭಾರತೀಯರ ಎಷ್ಟೋ ಕೇರಿಗಳನ್ನು ಎಬ್ಬಿಸಿದರು. ಮ್ಯಾಗಜೀನ್ ಬ್ಯಾರಕ್ಸ್‌ನವರನ್ನು 1960ರ ದಶಕದಲ್ಲಿ ಚಾಟ್ಸ್‌ವರ್ತ್ ಎಂಬ ಬಡಾವಣೆಗೆ ಸಾಗಿಸಿದರು. ನಿಮ್ಮವರು ಇದ್ದರೆ ಅಲ್ಲಿರುವ ಸಂಭವ ಜಾಸ್ತಿ. ಅಲ್ಲಿನ ದೇವಸ್ಥಾನಗಳಲ್ಲಿ, ತಮಿಳು, ತೆಲುಗು ಸಂಘಗಳಲ್ಲಿ ಕೇಳಿ. ಅಜ್ಜನ ಹೆಸರೇ ಮೊಮ್ಮಕ್ಕಳಿಗೆ ಮನೆಹೆಸರಾಗಿ ಉಳಿದಿರುವುದು ಅಲ್ಲಿ ಮಾಮೂಲು. ಹಾಗಾಗಿ ‘ಮುನಿ’ಯೋ ‘ವೆಂಕಟಪ್ಪ’ನೋ ಇವತ್ತು ಒಬ್ಬ ಹುಡುಗಿಯ ಹೆಸರಿನ ಕೊನೆಯಲ್ಲಿ ಇರಬಹುದು.

ಕಡತಗಳು ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಪತ್ರಾಗಾರಗಳಲ್ಲಿವೆ. ಕೈಬಿಡಬಾರದ ಒಂದು ದಾಖಲೆ ಎಂದರೆ ಆಸ್ತಿ ವಿಲೇವಾರಿಗಾಗಿ ತುಂಬುತ್ತಿದ್ದ ಮರಣ ಸೂಚನೆ. ತಂದೆ ತಾಯಿ, ಹೆಂಡತಿ, ಮಕ್ಕಳು, ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ ಇರುತ್ತವೆ. ನೆಟಾಲ್‌ನ ಹಳೆ ಮರಣ ನೋಂದಣಿಗಳನ್ನು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಖರ್ಚಿಲ್ಲದೆ ಮನೆಯಲ್ಲೇ ಹುಡುಕಬಹುದು.

ಡಿಸೆಂಬರ್ ಬೇಡ. 16, 25, 26 ಅಲ್ಲಿ ಸರ್ಕಾರಿ ರಜೆ, ಸಮುದ್ರ ತೀರ ತುಂಬಿ ತುಳುಕುತ್ತದೆ, ಬಾಡಿಗೆಯೂ ದುಬಾರಿ. ಮೇ, ಜೂನ್‌ನಲ್ಲಿ ಹೋಗಿ, ಹವೆ ಹಿತವಾಗಿರುತ್ತದೆ. ವೀಸಾ ಇಲ್ಲಿಂದಲೇ ಪಡೆಯಬೇಕು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗಿ ಅಲ್ಲಿ 12 ಗಂಟೆಗಿಂತ ಜಾಸ್ತಿ ತಂಗಿದರೆ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಅದು ಊರ್ಜಿತ. ನಿಮ್ಮ ವಯಸ್ಸಿಗೆ ಡಾಕ್ಟರನ್ನು ಕೇಳದೆ ಆ ಲಸಿಕೆ ತಗೋಬೇಡಿ.

ದೊಡ್ಡಜ್ಜಿಯ ವಿಷಯ ಹೇಳಬಹುದಾ ಅಂತ ಕೇಳಿದ್ದೀರಿ. ಹೇಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೆಸರು ಎಲ್ಲೂ ದಾಖಲಾಗದೆ ಹೋದ ಹೆಂಗಸು ಅವರು. ಹಡಗಿನ ಪಟ್ಟಿಯಲ್ಲೂ ಅವರಿಲ್ಲ, ಡರ್ಬನ್‌ನ ಮರಣ ಸೂಚನೆಯಲ್ಲೂ ಇರಲಿಕ್ಕಿಲ್ಲ. ನೀವೂ ಬಾಯಿ ಮುಚ್ಚಿಕೊಂಡರೆ ಹೇಗೆ? ಆದರೆ ಮೊದಲ ದಿನವೇ ಬೇಡ. ಅಲ್ಲಿ ಇನ್ನೊಬ್ಬ ಅಜ್ಜಿ ಇದ್ದಿರುತ್ತಾರೆ. ಅವರೂ ಕಷ್ಟಪಟ್ಟು ಮಕ್ಕಳನ್ನು ಸಾಕಿದವರೇ. ಮೊದಲು ಅವರ ಬಗ್ಗೆ ನೀವು ಕೇಳಿ, ಫೋಟೋ ನೋಡಿ, ಕೈಮುಗಿಯಿರಿ. ಊಟ ಮಾತು ಎಲ್ಲ ಆಗಿ ಸಲುಗೆ ಬಂದ ಮೇಲೆ, ಆ ಮನೆಯ ಹಿರಿಯರೊಬ್ಬರ ಹತ್ತಿರ ಮೆಲ್ಲಗೆ ಹೇಳಿ. ಉಳಿದವರಿಗೆ ತಿಳಿಸುವುದು ಅವರಿಗೆ ಬಿಟ್ಟದ್ದು. ನೀವು ಜಮೀನು ಆಸ್ತಿ ಅಂತ ಏನನ್ನೂ ಕೇಳಲು ಬಂದಿಲ್ಲ ಎಂಬುದನ್ನು ಮಾತ್ರ ಮೊದಲ ಇಮೇಲ್‌ನಲ್ಲೇ ಸ್ಪಷ್ಟ ಮಾಡಿ.

ಈ ವಾರವೇ ದೊಡ್ಡಜ್ಜಿಯ ಹೆಸರು, ತವರೂರು ವಂಶಾವಳಿಗೆ ಸೇರಿಸಿ. ನಂಬರ್ ಸಿಕ್ಕ ಕೂಡಲೇ ನನಗೆ ಬರೆಯಿರಿ. ಪತ್ರಾಗಾರಕ್ಕೆ ಹಾಕುವ ಅರ್ಜಿಯನ್ನು ಇಬ್ಬರೂ ಸೇರಿ ತಯಾರು ಮಾಡೋಣ.