ಕುದುರೆ, ಲಾಯ, ರೇಸು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಫೆಬ್ರವರಿಯ ಮೊದಲ ಭಾನುವಾರ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಡೆಯುವ ಇಂಡಿಯನ್ ಡರ್ಬಿ ಓಟ ಹತ್ತಿರವಾದಂತೆ ಈ ಅಂಕಣಕ್ಕೆ ಕುದುರೆಗಳ ಕುರಿತ ಪತ್ರಗಳು ಹೆಚ್ಚು ಬರುತ್ತವೆ. ಯಾವ ಕುದುರೆ ಗೆಲ್ಲುತ್ತದೆ ಎಂದು ಕೇಳಿದ ಪತ್ರಗಳನ್ನು ಬದಿಗಿಟ್ಟು, ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಲೋವರ್ ಪರೇಲ್‌ನ ಓದುಗರೊಬ್ಬರು: ಮಹಾಲಕ್ಷ್ಮಿಯ ಕುದುರೆಗಳು ಮಳೆಗಾಲದಲ್ಲಿ ಪುಣೆಗೆ ಹೋಗುತ್ತವೆಯಂತೆ. ಮೈದಾನ ಕೆಸರಾಗುವುದೊಂದೇ ಇದಕ್ಕೆ ಕಾರಣವೇ?

ಕೆಸರು ಎಲ್ಲರ ಕಣ್ಣಿಗೂ ಕಾಣುವ ಕಾರಣ. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಹುಲ್ಲುಹಾಸಿನ ಮೇಲೆ ಗಂಟೆಗೆ ಅರವತ್ತು ಕಿಲೊಮೀಟರ್ ವೇಗದಲ್ಲಿ ಕುದುರೆ ಓಡಿಸುವುದು ಸಾಧ್ಯವಿಲ್ಲ. ಆದ್ದರಿಂದಲೇ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ ಮುಂಬಯಿಯ ರೇಸುಗಳನ್ನು ನವೆಂಬರಿನಿಂದ ಏಪ್ರಿಲ್‌ವರೆಗೂ ಪುಣೆಯವನ್ನು ಜುಲೈನಿಂದಾಚೆಗೂ ಇಟ್ಟುಕೊಂಡಿದೆ.

ಆದರೆ ಕುದುರೆಯ ಮೈಯನ್ನು ನೋಡಿಕೊಳ್ಳುವವರಿಗೆ ಕೆಸರಿಗಿಂತ ದೊಡ್ಡ ಚಿಂತೆ ಎಂದರೆ ಕರಾವಳಿಯ ಸೆಕೆ. ಕುದುರೆ ನಮ್ಮಂತೆಯೇ ಬೆವರಿ ಮೈ ತಣಿಸಿಕೊಳ್ಳುವ ಪ್ರಾಣಿ. ಬಿರುಸಾದ ಕೆಲಸದಲ್ಲಿ ಅದು ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಸುರಿಸಬಲ್ಲದು, ಮತ್ತು ಆ ಬೆವರಿನಲ್ಲಿ ಉಪ್ಪಿನ ಅಂಶ ಮನುಷ್ಯರ ಬೆವರಿಗಿಂತ ಬಹಳ ಹೆಚ್ಚು. ಗಾಳಿಯಲ್ಲೇ ನೀರು ತುಂಬಿರುವಾಗ ಮೈಮೇಲಿನ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಇಂಥ ಹವೆಯಲ್ಲಿ ಬಹುಕಾಲ ಕಳೆದ ಕೆಲವು ಕುದುರೆಗಳ ಬೆವರುಗ್ರಂಥಿಗಳು ಸೋತು, ಬೆವರುವುದೇ ನಿಂತುಹೋಗುತ್ತದೆ. ಲಾಯದವರು ಇದನ್ನು ‘ಡ್ರೈ ಕೋಟ್’ ಎನ್ನುತ್ತಾರೆ. ಬೆಳಗಿನ ಗ್ಯಾಲಪ್ ಮುಗಿಸಿ ಬಂದ ಕುದುರೆಯ ಕುತ್ತಿಗೆ ಒಣಗಿಯೇ ಇದ್ದು ಮೂಗಿನ ಹೊಳ್ಳೆಗಳು ಮಾತ್ರ ಎಡೆಬಿಡದೆ ಅರಳಿ ಮುಚ್ಚುತ್ತಿದ್ದರೆ ಅನುಭವವುಳ್ಳ ಸೈಸ್‌ಗೆ (ಕುದುರೆಯ ಚಾಕರಿ ಮಾಡುವವನಿಗೆ) ಥರ್ಮಾಮೀಟರ್ ಬರುವ ಮೊದಲೇ ವಿಷಯ ತಿಳಿದಿರುತ್ತದೆ. ಅಂಥ ಕುದುರೆಗೆ ಔಷಧಕ್ಕಿಂತ ಹವೆ ಬದಲಾವಣೆಯೇ ಹೆಚ್ಚು ಗುಣ ಕೊಡುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯ ತಂಪಾದ ಮಳೆಗಾಲ ಅವಕ್ಕೆ ಒಂದು ಬಗೆಯ ವಿಶ್ರಾಂತಿಯೂ ಹೌದು.

ಘಾಟಿ ಹತ್ತಿಳಿಯುವ ಈ ಪ್ರಯಾಣ ಕೆಲವೇ ಗಂಟೆಗಳದಾದ್ದರಿಂದ ಅಷ್ಟು ತೊಂದರೆಯಿಲ್ಲ. ಡರ್ಬಿಗೆಂದು ಬೆಂಗಳೂರಿನಿಂದ ಲಾರಿಯಲ್ಲಿ ಬರುವ ಕುದುರೆಗಳ ವಿಷಯ ಬೇರೆ. ತಲೆ ತಗ್ಗಿಸಿದಾಗ ಶ್ವಾಸನಾಳದ ಕಫ ಮತ್ತು ಧೂಳು ತಾವಾಗಿ ಹೊರಬರುವಂಥ ರಚನೆ ಕುದುರೆಯದು. ಹಗ್ಗ ಬಿಗಿದು ಅದರ ತಲೆಯನ್ನು ಇಡೀ ದಿನ ಮೇಲಕ್ಕೇ ಇರಿಸಿದರೆ ಆ ಹೊಲಸು ಶ್ವಾಸಕೋಶಕ್ಕೆ ಇಳಿದು ಜ್ವರ ಬರುತ್ತದೆ. ಅದಕ್ಕಾಗಿಯೇ ದಾರಿಯಲ್ಲಿ ಕೆಲವು ಗಂಟೆಗಳಿಗೊಮ್ಮೆ ನಿಲ್ಲಿಸಿ, ಕುದುರೆಗೆ ತಲೆ ಕೆಳಗಿಳಿಸಲು ಅವಕಾಶ ಕೊಡಬೇಕು.

ಡೊಂಬಿವಲಿಯಿಂದ: ನನ್ನ ಸೋದರಳಿಯ ಪಶುವೈದ್ಯಕೀಯ ಓದುತ್ತಿದ್ದು, ಕೆಲವು ತಿಂಗಳು ರೇಸ್ ಲಾಯದಲ್ಲಿ ಕೆಲಸ ಕಲಿಯಲಿದ್ದಾನೆ. ಅವನು ಮೊದಲು ಗಮನಿಸಬೇಕಾದದ್ದು ಏನು? ಕುದುರೆಗೆ ಹುರುಳಿ ಕೊಡುವ ರೂಢಿ ಈಗಲೂ ಇದೆಯೇ?

ಮೊದಲು ಗಮನಿಸಬೇಕಾದದ್ದು ಮೇವಿನ ತೊಟ್ಟಿಯನ್ನು. ರಾತ್ರಿ ಹಾಕಿದ ಮೇವು ಬೆಳಿಗ್ಗೆ ಅರ್ಧ ಉಳಿದಿದ್ದರೆ ಆ ಕುದುರೆಯನ್ನು ಅಂದು ಓಡಿಸುವ ಮಾತು ಆಮೇಲೆ. ಜ್ವರ, ಹಲ್ಲುನೋವು, ಹೊಟ್ಟೆಹುಣ್ಣು, ಸ್ನಾಯುಗಳ ಆಯಾಸ, ಇವುಗಳಲ್ಲಿ ಯಾವುದು ಎಂದು ಹುಡುಕುವುದು ಮೊದಲ ಕೆಲಸ. ಆರೋಗ್ಯವಾಗಿರುವ ಕುದುರೆಯ ಮೈಯುಷ್ಣ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವಿಶ್ರಾಂತಿಯಲ್ಲಿದ್ದಾಗ ಅದರ ನಾಡಿ ನಿಮಿಷಕ್ಕೆ ಮೂವತ್ತರಿಂದ ನಲವತ್ತರ ಆಸುಪಾಸು ಬಡಿಯುತ್ತದೆ. ಅದೇ ಹೃದಯ ಓಟದ ಕೊನೆಯಲ್ಲಿ ಇನ್ನೂರಿಪ್ಪತ್ತನ್ನು ದಾಟುತ್ತದೆ.

ಎರಡನೆಯದು ಕಾಲು. ಕುದುರೆಯ ಮುಂಗಾಲಿನಲ್ಲಿ ಮಂಡಿಯ ಕೆಳಗೆ ಮಾಂಸಖಂಡವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿರುವುದು ಚರ್ಮ, ಮೂಳೆ, ಸ್ನಾಯುರಜ್ಜು ಮಾತ್ರ. ಸುಮಾರು ಐನೂರು ಕಿಲೊ ತೂಕದ ಪ್ರಾಣಿ ನಾಗಾಲೋಟದಲ್ಲಿರುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಕ್ಷಣ ಒಂದೇ ಕಾಲಿನ ಮೇಲೆ ಇರುತ್ತದೆ. ಹಾಗಾಗಿ ನಸುಕಿನಲ್ಲಿ ಲಾಯಕ್ಕೆ ಹೋದೊಡನೆ, ಪಟ್ಟಿ ಬಿಚ್ಚಿದ ಕಾಲಿನ ಹಿಂಬದಿಯಲ್ಲಿ ಮಂಡಿಯಿಂದ ಗೊರಸಿನ ಮೇಲಿನ ಗಂಟಿನವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸಿ, ಕೂಡಲೇ ಇನ್ನೊಂದು ಕಾಲಿನ ಮೇಲೂ ಹಾಗೆಯೇ ಇಳಿಸಿ ನೋಡುವುದನ್ನು ಅವನು ಅಭ್ಯಾಸ ಮಾಡಿಕೊಳ್ಳಲಿ. ಒಂದು ಕಾಲಿನ ಒಂದು ಜಾಗ ಇನ್ನೊಂದಕ್ಕಿಂತ ಕೊಂಚ ಬೆಚ್ಚಗಿದ್ದರೆ, ಅಥವಾ ದಾರದಂತೆ ನೇರವಿರಬೇಕಾದ ಸ್ನಾಯುರಜ್ಜು ಬೆರಳಿಗೆ ಉಬ್ಬಿದಂತೆ ತಾಗಿದರೆ, ಕುದುರೆ ಕುಂಟದೇ ಇದ್ದರೂ ಅದನ್ನು ಅಂದು ನಡೆಸಿದರೆ ಸಾಕು, ಓಡಿಸಕೂಡದು. ಆ ಬಿಸಿಯನ್ನು ಕಡೆಗಣಿಸಿ ಗ್ಯಾಲಪ್ ಮಾಡಿಸಿದರೆ ರಜ್ಜುವಿನ ಎಳೆಗಳು ಹರಿಯುತ್ತವೆ, ಅವು ಕೂಡಿಕೊಳ್ಳಲು ಒಂದು ವರ್ಷವೂ ಹಿಡಿಯಬಹುದು. ಈ ವಿದ್ಯೆಯನ್ನು ಕಾಲೇಜಿಗಿಂತ ಚೆನ್ನಾಗಿ ಹಳೆಯ ಸೈಸ್‌ಗಳು ಕಲಿಸುತ್ತಾರೆ. ಅವರಲ್ಲಿ ಕೇಳಲು ನಿಮ್ಮ ಸೋದರಳಿಯ ಸಂಕೋಚಪಡದಿರಲಿ.

ಹುರುಳಿಯನ್ನು ನಮ್ಮ ಹಿರಿಯರು ಬೇಯಿಸಿ ಕೊಡುತ್ತಿದ್ದರು, ಜಟಕಾ ಕುದುರೆಗೆ ಅದು ಒಳ್ಳೆಯ ಆಹಾರವೇ ಆಗಿತ್ತು. ಇಂದಿನ ರೇಸ್ ಲಾಯಗಳಲ್ಲಿ ಅದರ ಜಾಗವನ್ನು ಓಟ್ಸ್, ಬಾರ್ಲಿ ಹಾಗೂ ಸಿದ್ಧ ಆಹಾರಗಳು ಹಿಡಿದಿವೆ. ಜೊತೆಗೆ ಒಣಹುಲ್ಲು ಮತ್ತು ನಾವು ಕುದುರೆ ಮಸಾಲೆ ಎನ್ನುವ ಲೂಸರ್ನ್ ಸೊಪ್ಪು ಇರುತ್ತದೆ. ನನ್ನ ದೃಷ್ಟಿಯಲ್ಲಿ ಯಾವ ಕಾಳು ಎಂಬುದಕ್ಕಿಂತ ಎಷ್ಟು ಹುಲ್ಲು ಎಂಬುದೇ ದೊಡ್ಡ ಪ್ರಶ್ನೆ. ದಿನವಿಡೀ ಮೇಯುವ ಪ್ರಾಣಿಗೆಂದು ಆದ ಆ ಜಠರ ಚಿಕ್ಕದು, ಅದರಲ್ಲಿ ಆಮ್ಲ ಸದಾ ಸುರಿಯುತ್ತಲೇ ಇರುತ್ತದೆ. ಹುಲ್ಲು ಕಡಿಮೆ ಮಾಡಿ, ಶಕ್ತಿ ಬರಲೆಂದು ಕಾಳನ್ನೇ ಎರಡು ಹೊತ್ತಿಗೆ ಸುರಿದರೆ ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಅತಿ ಸಾಮಾನ್ಯವಾಗಿರುವುದಕ್ಕೆ ಇದೂ ಒಂದು ಕಾರಣ. ಇನ್ನೂ ಒಂದು ಮಾತು: ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆಯಾಗಿಯೇ ತೀರುತ್ತದೆ. ಅದು ನೆಲ ಕೆರೆಯುತ್ತ, ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದರೆ ಕಾಯದೆ ವೈದ್ಯರನ್ನು ಕರೆಯಬೇಕು.

ಪುಣೆಯ ಕ್ಯಾಂಪ್‌ನಿಂದ: ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ತೂಕ ಹೇರುವುದು ಅನ್ಯಾಯವಲ್ಲವೇ?

ಅನ್ಯಾಯವೆನ್ನಿಸುವುದು ಸಹಜ, ಆದರೆ ಹ್ಯಾಂಡಿಕ್ಯಾಪ್ ರೇಸಿನ ಉದ್ದೇಶವೇ ಅದು. ಪ್ರತಿ ಕುದುರೆಗೂ ಅದರ ಹಿಂದಿನ ಓಟಗಳನ್ನು ನೋಡಿ ಹ್ಯಾಂಡಿಕ್ಯಾಪರ್ ಒಂದು ರೇಟಿಂಗ್ ಕೊಡುತ್ತಾನೆ. ಅಂಕಗಳ ಅಂತರಕ್ಕೆ ತಕ್ಕಂತೆ ಹೊರುವ ತೂಕದಲ್ಲೂ ಅಂತರ ಇಡಲಾಗುತ್ತದೆ. ಎಲ್ಲ ಕುದುರೆಗಳೂ ಒಂದೇ ಸಾಲಿನಲ್ಲಿ ಮುಗಿಸಬೇಕು ಎಂಬುದು ಅವನ ಆದರ್ಶ, ಅದು ಕೈಗೂಡದಿರುವುದೇ ರೇಸು. ಜಾಕಿ ಹಗುರವಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಲ್ಲಿ ಸೀಸದ ಬಿಲ್ಲೆಗಳನ್ನಿಟ್ಟು ತೂಕ ಸರಿಗೊಳಿಸುತ್ತಾರೆ, ಓಟದ ಮುಂಚೆ ತೂಗಿದವನನ್ನು ಓಟ ಮುಗಿದ ಮೇಲೂ ಜೀನಿನ ಸಮೇತ ತೂಗುತ್ತಾರೆ. ಈ ತೂಕ ಸರಿಬರುವವರೆಗೆ ಫಲಿತಾಂಶ ಅಧಿಕೃತವಾಗುವುದಿಲ್ಲ. ಅದಕ್ಕೆ ಮೊದಲೇ ತಮ್ಮ ಕುದುರೆ ಸೋತಿತೆಂದು ಟಿಕೆಟ್ ಎಸೆದವರು ಪಶ್ಚಾತ್ತಾಪಪಟ್ಟದ್ದುಂಟು.

ಆದರೆ ಡರ್ಬಿಯಂಥ ಕ್ಲಾಸಿಕ್ ಓಟಗಳಲ್ಲಿ ಈ ಲೆಕ್ಕವಿಲ್ಲ. 2400 ಮೀಟರಿನ ಆ ಓಟ ನಾಲ್ಕು ವರ್ಷದ ಕುದುರೆಗಳಿಗೆ ಮೀಸಲು. ಅಲ್ಲಿ ಗಂಡುಗಳೆಲ್ಲ ಸಮಾನ ತೂಕ ಹೊರುತ್ತವೆ, ಹೆಣ್ಣುಗಳಿಗೆ ಸ್ವಲ್ಪ ರಿಯಾಯಿತಿಯಿದೆ. 1943ರಲ್ಲಿ ಮೊತ್ತಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದು ಬರೋಡದ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣುಕುದುರೆ. ಅಂದಹಾಗೆ, ನಮ್ಮ ದೇಶದಲ್ಲಿ ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆ ಯಾವ ತಿಂಗಳು ಹುಟ್ಟಿದರೂ ಅದರ ವಯಸ್ಸನ್ನು ಜನವರಿ 1ರಿಂದ ಎಣಿಸುತ್ತಾರೆ. ಜನವರಿಯಲ್ಲಿ ಹುಟ್ಟಿದ್ದಕ್ಕೂ ಮೇ ತಿಂಗಳಲ್ಲಿ ಹುಟ್ಟಿದ್ದಕ್ಕೂ ಎಳವೆಯಲ್ಲಿ ಕಾಣುವ ವ್ಯತ್ಯಾಸ ಸಣ್ಣದಲ್ಲ, ಎರಡು ವರ್ಷದ ಕುದುರೆಗಳ ಓಟ ನೋಡುವವರು ಹುಟ್ಟಿದ ತಿಂಗಳನ್ನೂ ನೋಡುವುದು ಒಳ್ಳೆಯದು.

ಮುಲುಂಡಿನಿಂದ: ರೇಸ್ ಜೂಜಲ್ಲ, ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿದೆ ಎಂದು ನನ್ನ ಭಾವ ವಾದಿಸುತ್ತಾರೆ. ಅವರಿಗೆ ಲಾಯದ ಒಳಗಿನಿಂದ ಟಿಪ್ ಸಹ ಬರುತ್ತದಂತೆ.

1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿರುವುದು ನಿಜ. ಆದರೆ ಅದು ರೇಸ್ ಎಂಬ ಆಟದ ಸ್ವರೂಪದ ಕುರಿತ ತೀರ್ಪೇ ಹೊರತು ನಿಮ್ಮ ಭಾವನವರ ಜಾಣ್ಮೆಯ ಕುರಿತದ್ದಲ್ಲ. ಬಾಜಿ ಕಟ್ಟಲು ಕ್ಲಬ್ಬೇ ನಡೆಸುವ ಟೋಟಿನಲ್ಲಿ ಎಲ್ಲರೂ ಕಟ್ಟಿದ ಹಣ ಒಂದು ಕಡೆ ಸೇರುತ್ತದೆ, ಅದರಿಂದ ಕ್ಲಬ್ಬಿನ ಪಾಲು ಮತ್ತು ಕರ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಎಂದರೆ ಎಲ್ಲರೂ ಕಟ್ಟಿದ ಕುದುರೆ ಗೆದ್ದರೂ ಕೈಗೆ ಬರುವುದು ಅಲ್ಪ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇಕಡಾ 28ರಷ್ಟು ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರಿನಲ್ಲಿ ಅದು ಶೇಕಡಾ 40ಕ್ಕೆ ಏರಿತು. ಇಷ್ಟು ಕರ ತೆತ್ತ ಮೇಲೂ ವರ್ಷದ ಕೊನೆಗೆ ಲಾಭದಲ್ಲಿರುವವರು ವಿರಳ. ಟಿಪ್ಪಿನ ವಿಷಯಕ್ಕೆ ಬಂದರೆ, ಲಾಯದಲ್ಲಿ ದುಡಿಯುವವರಿಗೆ ತಮ್ಮ ಕುದುರೆಯ ಸ್ಥಿತಿ ಗೊತ್ತಿರಬಹುದು, ಎದುರಾಳಿ ಕುದುರೆಗಳದ್ದು ಗೊತ್ತಿರುವುದಿಲ್ಲ. ಭಾವನವರು ಟಿಪ್ ಬಿಟ್ಟು, ಓಟದ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್ಕಿನ ಕಟಕಟೆಯ ಬಳಿ ನಿಂತು, ಓಟಕ್ಕೆ ಮೊದಲೇ ತೊಡೆಸಂದಿಯಲ್ಲಿ ಬಿಳಿ ನೊರೆ ಬರುವಷ್ಟು ಗಾಬರಿಗೊಂಡ ಕುದುರೆ ಯಾವುದು, ಉದ್ದನೆಯ ಸಲೀಸು ಹೆಜ್ಜೆಯಿಡುವುದು ಯಾವುದು ಎಂದು ನೋಡಲಿ. ಅದಕ್ಕೆ ಕರವಿಲ್ಲ.

ಮಾಟುಂಗದಿಂದ: ಕಾಲು ಮುರಿದ ಕುದುರೆಯನ್ನು ಕೊಂದೇಬಿಡುವುದೇಕೆ? ನಾಯಿಗೆ, ಹಸುವಿಗೆ ಪ್ಲಾಸ್ಟರ್ ಹಾಕುತ್ತಾರಲ್ಲ?

ಎಲ್ಲ ಮುರಿತಗಳಲ್ಲೂ ಹಾಗೆ ಮಾಡುವುದಿಲ್ಲ; ಸಣ್ಣ ಬಿರುಕುಗಳಿಗೆ ಸ್ಕ್ರೂ ಹಾಕಿ ಗುಣಪಡಿಸಿದ ಕುದುರೆಗಳು ಮತ್ತೆ ಓಡಿದ್ದೂ ಇದೆ. ಕಷ್ಟವಿರುವುದು ಮೂಳೆ ಚೂರಾದಾಗ. ನಾಯಿ ಮೂರು ಕಾಲಿನಲ್ಲಿ ಬದುಕುತ್ತದೆ, ಹಸು ದಿನದ ಬಹಳ ಹೊತ್ತು ಮಲಗಿಯೇ ಇರಬಲ್ಲದು. ಕುದುರೆ ಹೆಚ್ಚು ಹೊತ್ತು ಮಲಗಿದರೆ ಅದರ ಸ್ವಂತ ಭಾರದಿಂದಲೇ ಸ್ನಾಯುಗಳು ನಜ್ಜಾಗುತ್ತವೆ. ನಿಂತರೆ, ನೋಯುವ ಕಾಲಿನ ಪಾಲಿನ ತೂಕವನ್ನೂ ಅದರ ಜೋಡಿ ಕಾಲು ಹೊರಬೇಕಾಗುತ್ತದೆ. ಗೊರಸಿನ ಒಳಗಡೆ ಮೂಳೆಯನ್ನು ಚಿಪ್ಪಿಗೆ ಹಿಡಿದಿಟ್ಟಿರುವ ಸೂಕ್ಷ್ಮ ಪದರಗಳಿಗೆ ಆಗ ರಕ್ತ ಸರಿಯಾಗಿ ಹರಿಯದೆ ಅವು ಕಳಚಿಕೊಳ್ಳುತ್ತವೆ. ಇದನ್ನೇ ಲ್ಯಾಮಿನೈಟಿಸ್ ಎನ್ನುವುದು. ಅಮೆರಿಕದಲ್ಲಿ 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಎರಡೇ ವಾರಗಳಲ್ಲಿ ಮತ್ತೊಂದು ಓಟದಲ್ಲಿ ಹಿಂಗಾಲು ಮುರಿದುಕೊಂಡಿತು. ಅತ್ಯುತ್ತಮ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆರೈಕೆ ಎಲ್ಲವೂ ದೊರೆತರೂ ಉಳಿದ ಕಾಲುಗಳಿಗೆ ಲ್ಯಾಮಿನೈಟಿಸ್ ಬಂದು 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಮೈದಾನದಲ್ಲೇ ತೀರ್ಮಾನಿಸುವ ವೈದ್ಯರನ್ನು ನಿರ್ದಯಿಗಳೆಂದು ಬೈಯುವವರು ಈ ತಿಂಗಳುಗಳ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಾಶಿಯಿಂದ: ರೇಸ್ ಕುದುರೆಗಳಿಗೂ ಕರ್ನಾಟಕಕ್ಕೂ ಹಳೆಯ ನಂಟೇನಾದರೂ ಇದೆಯೇ?

ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರ್ಮ್ ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕಾಗಿ ಹುಟ್ಟಿಕೊಂಡದ್ದು; ಮುಂದೆ ಅಲ್ಲಿ ರೇಸಿನ ಥರೋಬ್ರೆಡ್‌ಗಳನ್ನು ಬೆಳೆಸಲಾಯಿತು. ರೇಸ್ ಪುಸ್ತಕದಲ್ಲಿ ಕುದುರೆಯ ಹೆಸರಿನ ಜೊತೆ ತಂದೆ, ತಾಯಿ ಮತ್ತು ಹುಟ್ಟಿದ ಫಾರ್ಮಿನ ವಿವರ ಇದ್ದರೆ ಓದಿ ನೋಡಿ, ಊರ ಹೆಸರು ಸಿಕ್ಕೀತು.

ಗೋವಾದ ವಾಸ್ಕೋದಿಂದ: ಗೋವಾದಲ್ಲಿ ರೇಸ್‌ಕೋರ್ಸ್ ಇಲ್ಲ. ಮಗಳ ಸವಾರಿಗೆಂದು ಮುಂಬಯಿಯಿಂದ ನಿವೃತ್ತ ರೇಸ್ ಕುದುರೆಯೊಂದನ್ನು ಕೊಳ್ಳುವ ಯೋಚನೆಯಿದೆ. ಅಗ್ಗವಾಗಿ ಸಿಗುತ್ತದೆ ಎನ್ನುತ್ತಾರೆ.

ಅಗ್ಗವಾಗಿ ಸಿಗುತ್ತದೆ, ಅದೇ ಅಪಾಯ. ರೇಸಿನ ಲೋಕ ಅತ್ಯಂತ ಕಡಿಮೆ ಗಮನ ಕೊಡುವುದು ಓಟ ನಿಲ್ಲಿಸಿದ ಕುದುರೆಗೆ, ಇದು ನನ್ನ ಹಳೆಯ ದೂರು. ಒಳ್ಳೆಯ ವಂಶದವು ಸಂತಾನಕ್ಕೆ ಹೋಗುತ್ತವೆ, ಶಾಂತ ಸ್ವಭಾವದ ಕೆಲವು ಸವಾರಿ ಶಾಲೆ ಸೇರುತ್ತವೆ. ಒಂದು ಕಾಲಕ್ಕೆ ನಿವೃತ್ತ ಕುದುರೆಗಳನ್ನು ಸೀರಮ್ ತಯಾರಿಕೆಗೆಂದು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಪುಣೆಯ ಪೂನಾವಾಲಾ ಸ್ಟಡ್ ಫಾರ್ಮಿನ ಮನೆತನದ ಸೈರಸ್ ಪೂನಾವಾಲಾ 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಕಟ್ಟಲು ಪ್ರೇರಣೆಯೂ ಅಲ್ಲಿಂದಲೇ ಬಂತು. ಉಳಿದವು ಕೈಯಿಂದ ಕೈಗೆ ದಾಟುತ್ತ ಎಲ್ಲಿಗೋ ಸೇರುತ್ತವೆ. ಹಾಗಾಗಿ ನಿಮ್ಮ ಯೋಚನೆ ಸದುದ್ದೇಶದ್ದೇ. ಆದರೆ ನಿಮ್ಮ ಮಗಳು ಸವಾರಿಗೆ ಹೊಸಬಳಾದರೆ ಈ ಕುದುರೆ ಬೇಡ.

ರೇಸ್ ಕುದುರೆಗೆ ಗೊತ್ತಿರುವುದು ಒಂದೇ ಪಾಠ. ಲಗಾಮು ಬಿಗಿಹಿಡಿದರೆ ಅದು ನಿಲ್ಲುವ ಬದಲು ಅದನ್ನೇ ಆಸರೆ ಮಾಡಿಕೊಂಡು ಮುನ್ನುಗ್ಗುತ್ತದೆ. ಕಾಳು ಕಡಿಮೆ ಮಾಡಿ, ಹುಲ್ಲು ಹೆಚ್ಚಿಸಿ, ಕೆಲವು ತಿಂಗಳು ಸುಮ್ಮನೆ ಮೇಯಲು ಬಿಟ್ಟು, ನಂತರ ಪಳಗಿದ ಸವಾರರೊಬ್ಬರು ಅದಕ್ಕೆ ಮೊದಲಿನಿಂದ ಪಾಠ ಹೇಳಬೇಕು. ಒಂಟಿಯಾಗಿ ಕಟ್ಟಿದರೆ ಅದು ಕೊರಗುತ್ತದೆ, ಇನ್ನೊಂದು ಕುದುರೆಯೋ ತಟ್ಟುವೋ ಜೊತೆಗಿರಬೇಕು. ನಾಲ್ಕರಿಂದ ಆರು ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವ ನಾಲಬಂದ ನಿಮ್ಮ ಊರಿಗೆ ಬರುತ್ತಾನೆಯೇ ಎಂಬುದನ್ನು ಕುದುರೆ ನೋಡುವ ಮೊದಲೇ ವಿಚಾರಿಸಿ. ಗೋವಾದ ಹವೆ ಮುಂಬಯಿಯದ್ದಕ್ಕಿಂತ ಹಿತವೇನಲ್ಲ, ಮೊದಲ ಉತ್ತರದಲ್ಲಿ ಹೇಳಿದ ಬೆವರಿನ ತೊಂದರೆ ಈ ಕುದುರೆಗೆ ಎಂದಾದರೂ ಬಂದಿತ್ತೇ ಎಂದು ಟ್ರೇನರನ್ನು ನೇರವಾಗಿ ಕೇಳಿ. ಧನುರ್ವಾಯುವಿನ ಲಸಿಕೆ ತಪ್ಪಿಸುವಂತಿಲ್ಲ, ಈ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಗ್ಲ್ಯಾಂಡರ್ಸ್ ಎಂಬ ಸೋಂಕುರೋಗದ ರಕ್ತಪರೀಕ್ಷೆಯ ವರದಿ, ಗುರುತಿನ ಪತ್ರ ಮತ್ತು ಮೈಕ್ರೊಚಿಪ್ ಸಂಖ್ಯೆ ಮೂರನ್ನೂ ಕೈಗೆ ಪಡೆದು, ಮಾರುವವರಿಗೆ ಸಂಬಂಧಪಡದ ಪಶುವೈದ್ಯರೊಬ್ಬರಿಂದ ನಾಲ್ಕೂ ಕಾಲುಗಳ ಎಕ್ಸ್‌ರೇ ತೆಗೆಸಿದ ಮೇಲಷ್ಟೇ ಹಣ ಕೊಡಿ.