ಸೋನೋಗ್ರಫಿಗೆ ಉಪವಾಸವೂ ಬೇಕು, ನೀರೂ ಬೇಕು

ನಮಸ್ಕಾರ. ನಾಳೆ ಅಮ್ಮನನ್ನು ಡೊಂಬಿವಲಿಯಿಂದ ಮುಂಬಯಿಯ ದಾದರಿಗೆ ಹೊಟ್ಟೆಯ ಸೋನೋಗ್ರಫಿಗೆ (ಅಲ್ಟ್ರಾಸೌಂಡ್ ಸ್ಕ್ಯಾನಿಗೆ) ಕರೆದೊಯ್ಯಬೇಕು, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತಾರೆ, ನೀರೂ ಕುಡಿಸಿ ಅಂತಾರೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿಯೇ.

ಉಂಡರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಒಳಗೆ ಕಲ್ಲಿದ್ದರೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ 6ರಿಂದ 8 ಗಂಟೆ ಉಪವಾಸ. ಹಾಲು ಹಾಕಿದ ಚಹಾವೂ ಬೇಡ. ನೀರು ಮೂತ್ರಕೋಶ ತುಂಬಲಿಕ್ಕೆ; ಅದು ತುಂಬಿದಾಗ ಕರುಳು ಪಕ್ಕಕ್ಕೆ ಸರಿದು ಗರ್ಭಕೋಶ ಚೆನ್ನಾಗಿ ಕಾಣುತ್ತದೆ.

ಆದರೆ ಮನೆಯಲ್ಲೇ ನೀರು ಕುಡಿಸಿ ಲೋಕಲ್ ರೈಲು ಹತ್ತಿಸಬೇಡಿ. ನಮ್ಮತ್ತೆಗೆ ನಾನು ಹಾಗೆ ಮಾಡಿದ್ದೆ. ಕುರ್ಲಾ ಬರುವಷ್ಟರಲ್ಲಿ ಪಾಪ, ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಸೆಂಟರಿಗೆ ಹೋಗಿ ಹೆಸರು ಬರೆಸಿದ ಮೇಲೆ ನಾಲ್ಕೈದು ಲೋಟ ಕುಡಿಸಿ, ಸುಮಾರು ಒಂದು ಗಂಟೆ ಕಾಯಿರಿ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಲ್ಲ, ನನಗೆ ಅದೇ ಹೆಚ್ಚಿನ ಚಿಂತೆ. ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಏನೂ ತಿನ್ನದೆ ಮಾತ್ರೆ ಅಥವಾ ಇನ್ಸುಲಿನ್ ತಗೊಂಡರೆ ಸಕ್ಕರೆ ಕುಸಿಯಬಹುದು, ಆದ್ದರಿಂದ ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿ. ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲಿ. ಬೆವರು, ನಡುಕ ಕಂಡರೆ ಉಪವಾಸ ಮುರಿದರೂ ಸರಿ, ಮೊದಲು ಅದನ್ನು ಕೊಡಿ. ಸ್ಕ್ಯಾನ್ ಇನ್ನೊಂದು ದಿನ ಆಗುತ್ತದೆ.

ಇದರಲ್ಲಿ ಎಕ್ಸ್‌ರೇ ತರಹ ವಿಕಿರಣ ಇಲ್ಲ, ಬರೀ ಶಬ್ದದ ಅಲೆಗಳು. ಹೊಟ್ಟೆಗೆ ಹಚ್ಚುವ ಜೆಲ್ ತಣ್ಣಗಿರುತ್ತದೆ, ಅಮ್ಮನಿಗೆ ಮೊದಲೇ ಹೇಳಿಡಿ. ಹಳೇ ರಿಪೋರ್ಟುಗಳನ್ನು ಮರೆಯದೆ ಒಯ್ಯಿರಿ.